ಗಾಜಿನ ಪೆಟ್ಟಿಗೆ, ಮರಳು, ರಂಗೋಲಿ: ಮನೇಲಿ ಒಂದು ಬೆಟ್ಟ ಎಬ್ಬಿಸಿದ್ದು

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಅವಳ ಪುಸ್ತಕದಲ್ಲಿ ಭೂಕಂಪದ ಪಾಠದ ಪಕ್ಕ ಒಂದು ಚಿತ್ರ ಇತ್ತು, ನಾಲ್ಕು ಬಣ್ಣದ ಪದರ, ನಡುವೆ ಓರೆಯಾಗಿ ಒಂದು ಗೆರೆ, ಎರಡು ಬಾಣ, ಕೆಳಗೆ ಸ್ತರಭಂಗ (ಫಾಲ್ಟ್, ಅಂದ್ರೆ ಬಂಡೆ ಪದರ ಮುರಿದು ಜರುಗಿದ ಜಾಗ) ಅಂತ ಬರೆದಿದ್ರು. ಅದನ್ನ ತಂದು "ಮಾವ, ಇದು ಯಾಕೆ ಓರೆಯಾಗೇ ಮುರಿಯತ್ತೆ? ಪಕ್ಕದಿಂದ ತಳ್ಳಿದ್ರೆ ನೆಟ್ಟಗೆ ಮುರೀಬೇಕಲ್ವಾ?" ಅಂದ್ಲು. ನಾನು ಪೇಪರ್ ತಗೊಂಡು ಬಾಣ ಬರೆದು ಒತ್ತಡ ಘರ್ಷಣೆ ಅಂತ ಏನೇನೋ ಹೇಳ್ದೆ, ಹೂಂ ಅಂದ್ಲು, ಆದ್ರೆ ಮುಖ ನೋಡಿದ್ರೆ ಗೊತ್ತಾಗತ್ತಲ್ಲ, ಒಳಗೆ ಇಳಿದಿರ್ಲಿಲ್ಲ. ಸರಿ ಹಾಗಾದ್ರೆ ಗಾಜಿನ ಪೆಟ್ಟಿಗೇಲಿ ಮರಳಿನ ಪದರ ಹಾಕಿ, ಪಕ್ಕದಿಂದ ಒತ್ತಿ, ಮುರಿದೇ ನೋಡೋಣ ಅಂದೆ. ಹಾಗೆ ಶುರುವಾಗಿದ್ದು ಐದು ವಾರ ಹಿಡೀತು, ಅದನ್ನ ಇಲ್ಲಿ ಪೂರ್ತಿ ಬರೀತಿದೀನಿ, ಯಾರಾದ್ರೂ ಮಾಡೋರಿದ್ರೆ ನಾನು ಎಡವಿದ ಕಡೆ ಎಡವೋದು ಬೇಡ.

ಮರಳಿನ ಪೆಟ್ಟಿಗೆ ಅನ್ನೋದು ಹೊಸ ಐಡಿಯಾ ಏನಲ್ಲ. 19ನೇ ಶತಮಾನದ ಶುರುವಿನಲ್ಲೇ ಸ್ಕಾಟ್ಲೆಂಡಿನ ಜೇಮ್ಸ್ ಹಾಲ್ ಅನ್ನೋರು ಬಟ್ಟೆಗಳನ್ನ ಒಂದರ ಮೇಲೊಂದು ಪೇರಿಸಿ, ಮೇಲೆ ಕಿತ್ತಿಟ್ಟಿದ್ದ ಒಂದು ಬಾಗಿಲನ್ನ ಹೇರಿ ಅದರ ಮೇಲೆ ತೂಕ ಇಟ್ಟು, ಎರಡೂ ಬದಿಯಿಂದ ಒತ್ತಿ ಬಂಡೆ ಪದರ ಹೇಗೆ ಮಡಚಿಕೊಳ್ಳತ್ತೆ ಅಂತ ತೋರಿಸಿದ್ರು. ಆಮೇಲೆ 1880ರ ದಶಕದಲ್ಲಿ ಅಲ್ಲೇ ಸರ್ವೆ ಮಾಡ್ತಿದ್ದ ಹೆನ್ರಿ ಕ್ಯಾಡೆಲ್ ಅನ್ನೋರು ಮರಳು, ಜೇಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪದರ ಹಾಕಿ ಪೆಟ್ಟಿಗೆಯಲ್ಲಿ ಒತ್ತಿದ್ರು. ಅವರಿಗಿದ್ದ ತಲೆನೋವು ಏನಂದ್ರೆ ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಹಳೇ ಬಂಡೆ ಮೇಲೆ, ಹೊಸ ಬಂಡೆ ಕೆಳಗೆ ಇತ್ತು, ಇದು ಹೇಗಾಯ್ತು? ಪೆಟ್ಟಿಗೆ ಒತ್ತಿದಾಗ ಉತ್ತರ ಕಣ್ಣೆದುರಿಗೇ ಬಂತು, ಕೆಳಗಿನ ಪದರ ಓರೆಯಾಗಿ ಕಿತ್ತುಕೊಂಡು ಮೇಲಿನದರ ಹೆಗಲ ಮೇಲೆ ಹತ್ತಿ ಕೂತಿತ್ತು.

ಇದಕ್ಕೆ ಮರಳೇ ಯಾಕೆ ಅಂತ ನನಗೂ ಮೊದಲು ಅನ್ಸಿತ್ತು, ಕಲ್ಲು ಎಲ್ಲಿ ಪುಡಿ ಮರಳು ಎಲ್ಲಿ. ಆದ್ರೆ ಲೆಕ್ಕ ಹಾಕಿದ್ರೆ ಸರಿಯಾಗೇ ಇದೆ. ಒಂದು ಕಿಲೋಮೀಟರನ್ನ ಒಂದು ಸೆಂಟಿಮೀಟರ್‌ಗೆ ಇಳಿಸಿದ್ರೆ ಲಕ್ಷ ಪಟ್ಟು ಚಿಕ್ಕದು ಮಾಡಿದ ಹಾಗೆ, ಆಗ ಮೇಲಿನ ಭಾರ ಕೂಡ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಕಮ್ಮಿ ಆಗತ್ತೆ, ಹಾಗಾಗಿ ಕಲ್ಲಿನ ಗಟ್ಟಿತನವನ್ನೂ ಅಷ್ಟು ಪಟ್ಟು ಇಳಿಸಬೇಕು. ಲಕ್ಷ ಪಟ್ಟು ದುರ್ಬಲವಾದ ಕಲ್ಲು ಅಂದ್ರೆ ಏನು? ಒಣ ಮರಳೇ. ಪೆಟ್ಟಿಗೆಯಲ್ಲಿ ನಿಜವಾದ ಕಲ್ಲಿನ ಚಪ್ಪಡಿ ಇಟ್ಟು ಒತ್ತಿದ್ರೆ ಏನೂ ಆಗಲ್ಲ, ಅದು ಹಿಮಾಲಯಕ್ಕಿಂತ ಲಕ್ಷ ಪಟ್ಟು ಗಟ್ಟಿ ಇರೋ ಬೆಟ್ಟ ಆಗಿಬಿಡತ್ತೆ.

ಪೆಟ್ಟಿಗೆ ಅಳತೆ ಒಳಗಡೆ 60 ಸೆಂ.ಮೀ ಉದ್ದ, 15 ಅಗಲ, 20 ಎತ್ತರ. ತಳಕ್ಕೆ 18 ಎಂಎಂ ಪ್ಲೈವುಡ್, ಮೇಲೆ ಸನ್‌ಮೈಕಾ ಅಂಟಿಸಿದ್ದು, ಎರಡೂ ಉದ್ದದ ಬದಿಗೆ 5 ಎಂಎಂ ಗಾಜು. ಒಂದು ತುದಿಯ ಹಲಗೆ ಗಟ್ಟಿಯಾಗಿ ಕೂತಿದೆ, ಇನ್ನೊಂದು ತುದಿಯದ್ದು ಚಲಿಸತ್ತೆ, ಅದರ ಹಿಂದೆ 12 ಎಂಎಂ ಥ್ರೆಡ್ ರಾಡ್. ಆ ರಾಡಿನ ಪಿಚ್ 1.75 ಮಿ.ಮೀ, ಅಂದ್ರೆ ಒಂದು ಸುತ್ತು ತಿರುಗಿಸಿದ್ರೆ ಹಲಗೆ 1.75 ಮಿ.ಮೀ ಮುಂದೆ ಹೋಗತ್ತೆ. ಈ ಒಂದು ನಂಬರ್ ಇಡೀ ಪ್ರಾಜೆಕ್ಟಿಗೆ ಬಹಳ ಮುಖ್ಯ ಆಯ್ತು. ಯಾಕಂದ್ರೆ ನಮ್ಮ ಸ್ಕೇಲ್‌ನಲ್ಲಿ 1.75 ಮಿ.ಮೀ ಅಂದ್ರೆ 175 ಮೀಟರ್, ಹಿಮಾಲಯದ ಉದ್ದಕ್ಕೂ ಭಾರತ ಒಳಗೆ ನುಗ್ತಿರೋದು ವರ್ಷಕ್ಕೆ ಸುಮಾರು 2 ಸೆಂ.ಮೀ (ಭಾರತ ಕೂತಿರೋ ಇಡೀ ಭೂಫಲಕ ವರ್ಷಕ್ಕೆ 4-5 ಸೆಂ.ಮೀ ಉತ್ತರಕ್ಕೆ ಹೋಗತ್ತೆ, ಅದರಲ್ಲಿ ಅರ್ಧದಷ್ಟನ್ನ ಹಿಮಾಲಯ ನುಂಗತ್ತೆ, ಉಳಿದದ್ದು ಟಿಬೆಟ್ ಮತ್ತು ಅದರಾಚೆ). 175 ಮೀಟರನ್ನ 2 ಸೆಂ.ಮೀನಿಂದ ಭಾಗಿಸಿದ್ರೆ 8,750 ವರ್ಷ. ಅಂದ್ರೆ ಹ್ಯಾಂಡಲ್ ಒಂದು ಸುತ್ತು ತಿರುಗಿಸೋದು ಎಂಟೂಮುಕ್ಕಾಲು ಸಾವಿರ ವರ್ಷ. ಇದನ್ನ ಹೇಳಿದ ಮೇಲೆ ಹುಡುಗಿ ಹ್ಯಾಂಡಲ್ ಮುಟ್ಟೋ ರೀತಿನೇ ಬದಲಾಯ್ತು, ನಿಧಾನಕ್ಕೆ ತಿರುಗಿಸೋಕೆ ಶುರು ಮಾಡಿದ್ಲು.

ಮರದ ಕೆಲಸಕ್ಕೆ ನಮ್ಮ ಬೀದಿ ಆಚಾರ್ರ ಹತ್ರ ಹೋದೆ. "ಏನ್ ಸಾರ್ ಇದು, ಮೀನಿನ ತೊಟ್ಟಿನಾ?" ಅಂದ್ರು. "ಇಲ್ಲ ಆಚಾರ್ರೇ, ಬೆಟ್ಟ ಬೆಳೆಸೋಕೆ" ಅಂದೆ. ಅವರೇನೂ ನಗಲಿಲ್ಲ, ಅಳತೆ ಚೀಟಿ ನೋಡಿ "ಹಲಗೆ ಒಂದೇ ರಾಡಲ್ಲಿ ತಳ್ತೀರಾ? ಓಲಾಡತ್ತೆ ಸಾರ್, ಎರಡೂ ಕಡೆ ಡ್ರಾಯರ್ ಚಾನಲ್ ಹಾಕ್ಕೊಳಿ" ಅಂದ್ರು. ನಾನು ಬೇಡ, ಸುಮ್ನೆ ಖರ್ಚು ಅಂದೆ. ಅದು ತಪ್ಪಾಯ್ತು, ಮುಂದೆ ಹೇಳ್ತೀನಿ.

ಮೊದಲನೇ ಸಲ ಹಾಕಿದ ಮರಳು ಎಂ-ಸ್ಯಾಂಡ್, ಎದುರು ಮನೆ ಕಟ್ಟಡದವರ ಹತ್ರ ಕೇಳಿ ಒಂದು ಬಕೆಟ್ ತಂದಿದ್ದು. ಜೋರು ಮಳೆಗಾಲ. ಪದರ ಹಾಕಿ ಹ್ಯಾಂಡಲ್ ತಿರುಗಿಸಿದ್ರೆ ಓರೆ ಗೆರೆ ಬರೋದಿರಲಿ, ಇಡೀ ಮರಳು ಒಂದು ಹೆಂಟೆ ಥರ ಎದ್ದು, ಮೇಲೆ ನೆಟ್ಟಗೆ ಬಿರುಕು ಬಿಡ್ತು, ಬೇಸಿಗೇಲಿ ಕೆರೆ ಒಣಗಿದಾಗ ಆಗತ್ತಲ್ಲ ಹಾಗೆ. ಹುಡುಗಿ ಖುಷಿಯಾಗಿ "ನೋಡು ಮಾವ, ನೆಟ್ಟಗೇ ಮುರೀತು" ಅಂದ್ಲು! ಕಾರಣ ಎರಡು. ಒಂದು ತೇವ, ತೇವ ಇದ್ರೆ ಮರಳಿನ ಕಾಳು ಒಂದಕ್ಕೊಂದು ಅಂಟಿಕೊಳ್ಳತ್ತೆ, ನಮ್ಮ ಸ್ಕೇಲಲ್ಲಿ ಅಷ್ಟು ಅಂಟು ಅಂದ್ರೆ ಭೂಮಿ ಮೇಲೆಲ್ಲೂ ಇಲ್ಲದಷ್ಟು ಗಟ್ಟಿ ಬಂಡೆ. ಎರಡನೇದು ಎಂ-ಸ್ಯಾಂಡ್‌ನಲ್ಲಿರೋ ಹುಡಿ ಧೂಳು, ಅದೂ ಅಂಟಿಸತ್ತೆ. ಆಮೇಲೆ ಹಳೇ ನದಿ ಮರಳು ಅರ್ಧ ಚೀಲ ಸಿಕ್ತು, ಅದನ್ನ ತೊಳೆದು, ಬಾಣಲೇಲಿ ಉಪ್ಪಿಟ್ಟಿಗೆ ರವೆ ಹುರಿಯೋ ಹಾಗೆ ಹುರಿದು, ಮೊದಲು ರವೆ ಜರಡಿಯಲ್ಲಿ ಜರಡಿ ಹಿಡಿದು ದಪ್ಪ ಕಾಳು ತೆಗೆದು, ಆಮೇಲೆ ಮೈದಾ ಜರಡಿಯಲ್ಲಿ ಧೂಳು ತೆಗೆದೆ. ನಡುವೆ ಉಳಿದದ್ದು ಮಾತ್ರ ಉಪಯೋಗಕ್ಕೆ. ಐದಾರು ಗಂಟೆ ಕೆಲಸ, ಆದ್ರೆ ಇದನ್ನ ತಪ್ಪಿಸೋಕೆ ಆಗಲ್ಲ. ಹುರಿದ ಮರಳನ್ನ ಮುಚ್ಚಳ ಬಿಗಿ ಇರೋ ಡಬ್ಬದಲ್ಲಿಡಿ, ಬಿಟ್ಟಿಟ್ರೆ ಎರಡೇ ದಿನಕ್ಕೆ ಮತ್ತೆ ತೇವ ಎಳ್ಕೊಳ್ಳತ್ತೆ.

ಬಣ್ಣದ ಗೆರೆಗೆ ರಂಗೋಲಿ ಪುಡಿ. ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ ಅಂತ ಖಂಡಿತ ಹೇಳ್ತೀನಿ, ಅದೂ ಕಲ್ಲಿನ ಪುಡಿನೇ, ಮರಳಿನ ಹಾಗೇ ಒಣಗಿ ಸರಾಗ ಉದುರತ್ತೆ, ಹತ್ತು ಬಣ್ಣ ಸಿಗತ್ತೆ, ಕೆಜಿಗೆ ಬಹಳ ದುಡ್ಡೂ ಆಗಲ್ಲ. 8 ಮಿ.ಮೀ ಮರಳು, ಮೇಲೆ 2 ಮಿ.ಮೀ ರಂಗೋಲಿ, ಹೀಗೆ ಐದು ಸಲ, ಒಟ್ಟು 5 ಸೆಂ.ಮೀ, ನಮ್ಮ ಲೆಕ್ಕದಲ್ಲಿ 5 ಕಿ.ಮೀ ದಪ್ಪದ ನೆಲ. ಹಾಕೋವಾಗ ಸುರೀಬಾರ್ದು, ಟೀ ಸೋಸೋ ಜರಡಿಯಿಂದ ಒಂದೇ ಎತ್ತರದಿಂದ ಉದುರಿಸ್ಬೇಕು. ಸುರಿದ ಮರಳು ಸಡಿಲ, ಉದುರಿಸಿದ ಮರಳು ಬಿಗಿ, ಎರಡೂ ಬೇರೆ ಬೇರೆ ಥರ ಮುರಿಯತ್ತೆ. ಒಂದು ಪದರ ನಾನು, ಒಂದು ಪದರ ಅವಳು ಹಾಕಿದ ದಿನ ಫಾಲ್ಟ್ ಗೆರೆ ಪದರದಿಂದ ಪದರಕ್ಕೆ ಕೋನ ಬದಲಾಯಿಸ್ಕೊಂಡು ಹೋಗಿತ್ತು, ಆಮೇಲಿಂದ ಜರಡಿ ಅವಳ ಕೈಗೇ ಕೊಟ್ಟುಬಿಟ್ಟೆ, ಸಂಕ್ರಾಂತಿ ರಂಗೋಲಿ ಹಾಕೋ ಕೈ, ನನಗಿಂತ ಸಮನಾಗಿ ಉದುರಿಸ್ತಾಳೆ.

ಎರಡನೇ ಸಲ ಒತ್ತಿದಾಗ ಆಚಾರ್ರು ಹೇಳಿದ್ದು ಸರಿ ಅಂತ ಗೊತ್ತಾಯ್ತು. ಇಪ್ಪತ್ತು ಸುತ್ತು ಆಗೋಷ್ಟರಲ್ಲಿ ಹಲಗೆ ಒಂದು ಪಕ್ಕಕ್ಕೆ ವಾಲಿ ಗಾಜಿಗೆ ಒತ್ತಿ ನಿಂತುಬಿಡ್ತು, ಕೆಳಗಿನ ಸಂದಿಯಲ್ಲಿ ಮರಳು ನುಗ್ಗಿ ಕರಕರ ಅಂತ ಸದ್ದು, ನಾನು ಇನ್ನೂ ಒಂದು ಸುತ್ತು ತಿರುಗಿಸಿದೆ, ಗಾಜಿನ ಮೂಲೆ ಟಪ್ ಅಂತ ಸೀಳ್ತು. ಪುಣ್ಯಕ್ಕೆ ಯಾರ ಕೈಗೂ ತಗುಲಲಿಲ್ಲ. ಹೊಸ ಗಾಜು ಹಾಕ್ಸಿ, ಎರಡೂ ಕಡೆ ಡ್ರಾಯರ್ ಚಾನಲ್ ಹಾಕ್ಸಿ, ಹಲಗೆಯ ಮೂರೂ ಅಂಚಿಗೆ ಬಾಗಿಲ ಸಂದಿಗೆ ಅಂಟಿಸ್ತಾರಲ್ಲ ಆ ಫೋಮ್ ಪಟ್ಟಿ ಅಂಟಿಸಿದೆ. ಗಾಜಿನ ಅಂಚನ್ನ ಅಂಗಡಿಯವರ ಹತ್ರಾನೇ ಉಜ್ಜಿಸ್ಕೊಂಡು ಬನ್ನಿ, ಮಕ್ಕಳು ಮುಟ್ಟೋ ಸಾಮಾನು. ಗಾಜಿಗೆ ಮರಳು ಹಿಡಿಯದ ಹಾಗೆ ಸಿಲಿಕೋನ್ ಸ್ಪ್ರೇ ಹೊಡೆದ್ರೆ ಮೊದಲು ಇನ್ನೂ ಜಾಸ್ತಿ ಅಂಟಿಕೊಳ್ತು, ಸ್ಪ್ರೇ ಹೊಡೆದು ಒಂದು ದಿನ ಬಿಟ್ಟು ಹಳೇ ನ್ಯೂಸ್ ಪೇಪರಲ್ಲಿ ಒಣಗೋ ತನಕ ಉಜ್ಜಿದ ಮೇಲೆ ಸರಿಹೋಯ್ತು. ಗಾಜಿಗೆ ಹಿಡಿದ್ರೆ ಗೆರೆ ಅಂಚಲ್ಲಿ ಹಿಂದಕ್ಕೆ ಬಾಗತ್ತೆ, ನೀವು ನೋಡೋದು ಗಾಜಿನ ಪಕ್ಕದ್ದನ್ನ ಮಾತ್ರ, ಒಳಗಿನ ಕಥೆ ಬೇರೆ ಇರತ್ತೆ. ಕೈ ಹ್ಯಾಂಡಲ್ ಬದಲು 10 ಆರ್‌ಪಿಎಂ (ನಿಮಿಷಕ್ಕೆ 10 ಸುತ್ತು) ಗೇರ್ ಮೋಟರ್ ಹಾಕಿದ್ದೂ ಆಗಲೇ, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್‌ನಿಂದ, ಅಂದ್ರೆ ಅದರ ಪವರ್ ಸಪ್ಲೈ ಡಬ್ಬದಿಂದ, 12 ವೋಲ್ಟ್.

ಮೂರನೇ ಸಲ. ಶನಿವಾರ ಸಾಯಂಕಾಲ, ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಮರಳಿನ ಮಟ್ಟಕ್ಕೇ ಪಕ್ಕದಿಂದ ಹಿಡಿದಿದ್ವಿ, ಹಾಗೆ ಹಿಡಿದ್ರೆ ಕೂದಲೆಳೆ ಏರುಪೇರೂ ನೆರಳು ಬಿಟ್ಟು ಕಾಣತ್ತೆ. ಆರು ಸುತ್ತು ಏನೂ ಇಲ್ಲ, ಮರಳು ಸ್ವಲ್ಪ ಬಿಗಿಯಾಯ್ತು ಅಷ್ಟೆ. ಏಳನೇ ಸುತ್ತಿನಲ್ಲಿ ಹಲಗೆಯಿಂದ ಒಂದು ಗೇಣು ಮುಂದೆ ಮರಳಿನ ಮೇಲ್ಮೈ ಮೇಲೆ ಅಡ್ಡಕ್ಕೆ ಒಂದು ನೆರಳಿನ ಗೆರೆ ಬಂತು. ದಾರದಷ್ಟು ತೆಳ್ಳಗೆ. ಒಂದು ಕಡೆ ಒಂದು ಚೂರು ಎತ್ತರ, ಇನ್ನೊಂದು ಕಡೆ ತಗ್ಗು. ಅದರ ಅಂಚಿಂದ ನಾಲ್ಕೈದು ಮರಳಿನ ಕಾಳು ಉರುಳಿ ಕೆಳಗೆ ಬಿತ್ತು. ಗಾಜಿನ ಪಕ್ಕ ನೋಡಿದ್ರೆ ಕೆಂಪು ಪದರ ಕತ್ತರಿಸಿ ಒಂದು ಕಾಳಿನಷ್ಟು ಮೇಲೆ ಹೋಗಿದೆ, ನೀಲಿಯೂ ಅಷ್ಟೇ, ಹಳದಿಯೂ ಅಷ್ಟೇ, ಎಲ್ಲ ಕತ್ತರಿಸಿದ ಜಾಗ ಒಂದೇ ಓರೆಗೆರೆ ಮೇಲೆ. ಕೋನಮಾಪಕ ಗಾಜಿಗೆ ಹಿಡಿದು ಅಳೆದ್ಲು. 29 ಡಿಗ್ರಿ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಆ 29ರಲ್ಲೇ ಇದೆ. ಪಕ್ಕದಿಂದ ಒತ್ತಿದಾಗ ಮರಳು ತಪ್ಪಿಸಿಕೊಳ್ಳೋಕೆ ಇರೋ ದಾರಿ ಮೇಲಕ್ಕೆ ಒಂದೇ. ನೆಟ್ಟಗೆ ಮುರಿದ್ರೆ ಒತ್ತೋ ಬಲ ಎರಡು ಮುಖವನ್ನೂ ಇನ್ನೂ ಬಿಗಿಯಾಗಿ ಅಮುಕತ್ತೆ, ಜಾರೋಕೇ ಆಗಲ್ಲ, ಪೂರ್ತಿ ಮಲಗಿದ ಗೆರೆ ಆದ್ರೆ ಮೇಲೆ ಬರೋ ದಾರಿನೇ ಇಲ್ಲ. ಇವೆರಡರ ನಡುವೆ, ಘರ್ಷಣೆ ಕಮ್ಮಿ, ಜಾರೋ ಬಲ ಜಾಸ್ತಿ ಅನ್ನೋ ಕೋನ ಒಂದಿದೆ, ಒಣ ಮರಳಿಗೂ ಬಹಳಷ್ಟು ಬಂಡೆಗಳಿಗೂ ಅದು ಸುಮಾರು 30 ಡಿಗ್ರಿ. ಒತ್ತೋ ಬದಲು ಹಲಗೆಯನ್ನ ಹಿಂದಕ್ಕೆ ಎಳೆದ್ರೆ? ಆಗ ಜೋರು ಬಲ ಅಂದ್ರೆ ಮರಳಿನ ಸ್ವಂತ ಭಾರ, ಅದು ಮೇಲಿಂದ ಕೆಳಗೆ, ಹಾಗಾಗಿ ಗೆರೆ ಕಡಿದಾಗಿ ಸುಮಾರು 60 ಡಿಗ್ರಿಗೆ ಮುರಿದು ನೆಲ ಕುಸಿಯತ್ತೆ. ಅದನ್ನೂ ಮಾಡಿ ನೋಡಿದ್ವಿ, 61 ಬಂತು.

ಆ ದಾರದಂಥ ಗೆರೆ ನೋಡಿದಾಗ ನನಗೆ ನೆನಪಾಗಿದ್ದು ಕಚ್ಛ್. 1819ರ ಜೂನ್ 16ರಂದು ಅಲ್ಲಿ ಆದ ಭೂಕಂಪದಲ್ಲಿ ರಣ್‌ನ ಸಪಾಟು ನೆಲದ ನಡುವೆ 80 ಕಿ.ಮೀಗೂ ಉದ್ದದ ಒಂದು ದಿಬ್ಬ ಎದ್ದು ನಿಂತಿತು, ಕೆಲವು ಮೀಟರ್ ಎತ್ತರ. ಸಿಂಧೂ ನದಿಯ ಹಳೇ ಕವಲಿಗೆ ಅದು ಅಡ್ಡ ಬಂತು, ದಕ್ಷಿಣದ ಕಡೆ ನೆಲ ಕುಸಿದು ಸಿಂಧ್ರಿ ಅನ್ನೋ ಕೋಟೆ ನೀರಲ್ಲಿ ಮುಳುಗ್ತು. ಮನುಷ್ಯರು ಕಟ್ಟಿದ ಒಡ್ಡಲ್ಲ ಇದು ಅಂತ ಅಲ್ಲಿನ ಜನ ಅದಕ್ಕೆ ಅಲ್ಲಾ ಬಂದ್ ಅಂತ ಹೆಸರಿಟ್ರು. ನಮಗೆ ಹತ್ತಿರದ್ದು ಮಹಾರಾಷ್ಟ್ರದ ಲಾತೂರಿನ ಕಡೆಯ ಕಿಲ್ಲಾರಿ, 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, 6.2 ತೀವ್ರತೆ, ಹತ್ತಿರ ಹತ್ತಿರ 10,000 ಜನ ಹೋದ್ರು, ಕಲಬುರಗಿ ಬೀದರ್ ಕಡೆಯವರಿಗೆ ಆ ರಾತ್ರಿ ಇನ್ನೂ ಮರೆತಿಲ್ಲ. ಅಲ್ಲೂ ಹೊಲದ ನೆಲ ಒತ್ತಡಕ್ಕೆ ಮುರಿದು ಸಣ್ಣ ದಿಬ್ಬವಾಗಿ ಉಬ್ಬಿತ್ತು. ಫಲಕದ ಅಂಚಿಂದ ಅಷ್ಟು ದೂರ, ಗಟ್ಟಿ ಕಪ್ಪುಕಲ್ಲಿನ ನಾಡು, ಅಲ್ಲೂ ಇದೇ ಓರೆ.

ಮುಂದೆ ಆಗಿದ್ದು ನನಗೆ ಎಲ್ಲಕ್ಕಿಂತ ಇಷ್ಟ ಆದ ಭಾಗ. ಅದೇ ಗೆರೆ ಮೇಲೇ ಮರಳು ಜಾರ್ತಾ ಜಾರ್ತಾ ಬೆಟ್ಟ ಎತ್ತರ ಆಯ್ತು. ಎತ್ತರ ಆದಷ್ಟೂ ಅದನ್ನ ಇನ್ನೂ ಮೇಲೆ ಎತ್ತೋದು ಕಷ್ಟ, ಭಾರ ಹೆಚ್ಚಾಯ್ತಲ್ಲ. 34ನೇ ಸುತ್ತಿನಲ್ಲಿ ಆ ಗೆರೆ ನಿಂತೇಹೋಯ್ತು, ಅದರ ಮುಂದೆ, ಇಷ್ಟು ಹೊತ್ತು ತೆಪ್ಪಗೆ ಮಲಗಿದ್ದ ಸಪಾಟು ಮರಳಿನಲ್ಲಿ, ಹೊಸ ಗೆರೆ ಹುಟ್ಟಿತು. ಈಗ ಹಳೇ ಬೆಟ್ಟ ಹೊಸ ಗೆರೆಯ ಬೆನ್ನ ಮೇಲೆ ಕೂತು ಸವಾರಿ ಮಾಡ್ತಾ ಇಡಿಯಾಗಿ ಮುಂದೆ ಬಂತು. 62ನೇ ಸುತ್ತಿಗೆ ಮೂರನೇದು, ಇನ್ನೂ ಮುಂದೆ. ಗಾಜಿನಲ್ಲಿ ನೋಡಿದ್ರೆ ಇಸ್ಪೀಟ್ ಎಲೆ ಓರೆಯಾಗಿ ಒಂದರ ಮೇಲೊಂದು ಒರಗಿಸಿಟ್ಟ ಹಾಗೆ, ಎಲ್ಲ ಗೆರೆಗಳೂ ತಳದಲ್ಲಿ ಸನ್‌ಮೈಕಾದ ಹತ್ತಿರ ಒಂದೇ ಜಾರುಪಟ್ಟಿಗೆ ಹೋಗಿ ಸೇರ್ತವೆ.

ಹಿಮಾಲಯ ಕಟ್ಟಿರೋದು ಇದೇ ಥರ. ಭಾರತ ಏಷ್ಯಾಕ್ಕೆ ಗುದ್ದಿ ಸುಮಾರು 5 ಕೋಟಿ ವರ್ಷ ಆಯ್ತು. ಒಳಗಡೆ, ಎತ್ತರದ ಶಿಖರಗಳ ಬುಡದಲ್ಲಿ ಮೇನ್ ಸೆಂಟ್ರಲ್ ಥ್ರಸ್ಟ್ (ಥ್ರಸ್ಟ್ ಅಂದ್ರೆ ಹೀಗೆ ಒತ್ತಡಕ್ಕೆ ಓರೆಯಾಗಿ ಮುರಿದು ಮೇಲೇರೋ ಫಾಲ್ಟ್), 2 ಕೋಟಿ ವರ್ಷಕ್ಕೂ ಹಿಂದೆ ಚುರುಕಾಗಿದ್ದದ್ದು. ಅದರ ದಕ್ಷಿಣಕ್ಕೆ ಮೇನ್ ಬೌಂಡರಿ ಥ್ರಸ್ಟ್, ಸುಮಾರು 1 ಕೋಟಿ ವರ್ಷದ್ದು. ಇನ್ನೂ ದಕ್ಷಿಣಕ್ಕೆ, ಶಿವಾಲಿಕ್ ಗುಡ್ಡ ಮುಗಿದು ಗಂಗಾ ಬಯಲು ಶುರುವಾಗೋ ಕಡೆ ಮೇನ್ ಫ್ರಂಟಲ್ ಥ್ರಸ್ಟ್, ಎಲ್ಲಕ್ಕಿಂತ ಹೊಸದು, ಈಗ ಕೆಲಸ ಮಾಡ್ತಿರೋದು. ಮೂರೂ ಆಳದಲ್ಲಿ ಒಂದೇ ಜಾರುಪಟ್ಟಿಗೆ ಸೇರತ್ತೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯಲ್ಲಿ ಜಾರಿದ್ದು ಆ ಪಟ್ಟಿಯ ಒಂದು ತುಂಡೇ, ಕಠ್ಮಂಡು ಕಣಿವೆ ಸುಮಾರು ಒಂದು ಮೀಟರ್ ಮೇಲೆ ಬಂತು, ಅದರ ಉತ್ತರದ ಎತ್ತರದ ಸೀಮೆ ಸ್ವಲ್ಪ ಕೆಳಗೆ ಇಳೀತು. ಆ ಬಿರುಕು ಮೇಲ್ಮೈ ತನಕ ಬರಲೇ ಇಲ್ಲ, ಒಳಗೇ ನಿಂತಿತು.

ಹುಡುಗಿ ಇದರಲ್ಲಿ ತಾನೇ ಒಂದು ಪ್ರಯೋಗ ಸೇರಿಸಿದ್ಲು. "ಮಾವ, ನಿಜವಾದ ಬೆಟ್ಟದ ಮೇಲೆ ಮಳೆ ಬೀಳತ್ತಲ್ಲ, ಮಣ್ಣು ಕೊಚ್ಚಿಕೊಂಡು ಹೋಗತ್ತಲ್ಲ" ಅಂತ ಮುಂದಿನ ಸಲ ಬೆಟ್ಟ ಎತ್ತರ ಆದ ಹಾಗೆಲ್ಲ ಚಮಚದಲ್ಲಿ ತುದಿಯ ಮರಳು ತೆಗೀತಾ ಹೋದ್ಲು. ಏನಾಯ್ತು ಅಂದ್ರೆ ಹಳೇ ಗೆರೆ ನಿಲ್ಲಲೇ ಇಲ್ಲ. ಭಾರ ಕಮ್ಮಿ ಆಗ್ತಿತ್ತಲ್ಲ, ಹಾಗಾಗಿ 34ನೇ ಸುತ್ತಿಗೆ ಬರಬೇಕಿದ್ದ ಎರಡನೇ ಗೆರೆ 50 ದಾಟಿದ ಮೇಲೆ ಬಂತು. ಮುಂಗಾರು ಮಳೆ ಬೆಟ್ಟವನ್ನ ಸವೆಸೋದರ ಜೊತೆಗೆ ಎಲ್ಲಿ ಮುರೀಬೇಕು ಅನ್ನೋದನ್ನೂ ನಿರ್ಧಾರ ಮಾಡತ್ತೆ ಅಂತ ಓದಿದ್ದೆ, ಊಟದ ಚಮಚದಲ್ಲಿ ಅದು ಕಾಣತ್ತೆ ಅಂತ ಅಂದ್ಕೊಂಡಿರ್ಲಿಲ್ಲ.

ಆದ್ರೆ ಈ ಪೆಟ್ಟಿಗೆಯಲ್ಲಿ ಒಂದು ಕೊರತೆ ಇದೆ. ಮರಳು ನಿಧಾನಕ್ಕೆ ಜಾರತ್ತೆ, ಭೂಕಂಪ ಆಗಲ್ಲ. ಬಂಡೆ ಹಾಗಲ್ಲ, ಅದು ಸ್ಪ್ರಿಂಗ್ ಥರ ಬಾಗಿ ಬಲ ಕೂಡಿಟ್ಟುಕೊಂಡು, ನೂರಾರು ವರ್ಷ ತಡ್ಕೊಂಡು, ಒಂದೆರಡು ನಿಮಿಷದಲ್ಲಿ ಕೊಟ್ಟುಬಿಡತ್ತೆ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ ಅಲ್ಲಿ ಬೇಲಿ ರಸ್ತೆಗಳೆಲ್ಲ ಮುರಿದು ಪಕ್ಕಕ್ಕೆ ಸರಿದಿದ್ದನ್ನ, ಸರ್ವೆ ಅಳತೆಗಳನ್ನ ನೋಡಿ ಹೆನ್ರಿ ರೀಡ್ ಅನ್ನೋ ಅಮೆರಿಕದ ವಿಜ್ಞಾನಿ ಇದನ್ನ ಬಿಡಿಸಿ ಹೇಳಿದ್ರು. ಇದನ್ನ ತೋರಿಸೋಕೆ ಪೆಟ್ಟಿಗೆ ಖಾಲಿ ಮಾಡಿ, ತಳಕ್ಕೆ ಉಪ್ಪು ಕಾಗದ ಅಂಟಿಸಿ, ಮೇಲೆ ಒಂದು ಇಟ್ಟಿಗೆ ಇಟ್ಟು, ಚಲಿಸೋ ಹಲಗೆಗೂ ಇಟ್ಟಿಗೆಗೂ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಮೋಟರನ್ನ ಉಲ್ಟಾ ತಿರುಗಿಸಿ ಎಳೆದ್ವಿ. ಮೋಟರ್ ಒಂದೇ ಸಮ ತಿರುಗ್ತಾನೇ ಇದೆ, ಟ್ಯೂಬ್ ಉದ್ದ ಆಗ್ತಾ ಇದೆ, ಇಟ್ಟಿಗೆ ಅಲ್ಲಾಡಲ್ಲ, ಆಮೇಲೆ ತಟ್ಟನೆ ಒಂದು ನೆಗೆತ. ಇಟ್ಟಿಗೆ ಮೇಲೆ ಮೊಬೈಲ್ ಕಟ್ಟಿ ಫೋನಿನ ಸೆನ್ಸರ್ ಅಳತೆ ಬರೆದಿಡೋ ಫೈಫಾಕ್ಸ್ ಆ್ಯಪ್‌ನಲ್ಲಿ ರೆಕಾರ್ಡ್ ಮಾಡಿದ್ವಿ. ಹದಿನಾಲ್ಕು ನೆಗೆತ, ಅತೀ ಚಿಕ್ಕದು 9 ಮಿ.ಮೀ, ದೊಡ್ಡದು 31. ಎಳೆತ ಒಂದೇ ಸಮ ಇದ್ರೂ ಎರಡು ನೆಗೆತದ ನಡುವಿನ ಹೊತ್ತು ಒಂದೇ ಸಮ ಇರಲಿಲ್ಲ. ಅವಳು ಪ್ರತೀ ಸಲ ಮುಂದಿನದು ಯಾವಾಗ ಅಂತ ಊಹೆ ಮಾಡಿ ಬರ್ಕೊಂಡ್ಲು, ಹದಿನಾಲ್ಕರಲ್ಲಿ ಮೂರು ಸರಿ. "ಅದಕ್ಕೇನಾ ಭೂಕಂಪ ಯಾವಾಗ ಅಂತ ಮೊದಲೇ ಹೇಳೋಕಾಗಲ್ಲ?" ಅಂದ್ಲು. ಹೌದು ಕಣಮ್ಮ ಅಂದೆ.

ಇನ್ನು ಜ್ವಾಲಾಮುಖಿ. ಅಡುಗೆ ಸೋಡಾ ವಿನೆಗರ್ ಹಾಕಿ ನೊರೆ ಬರಿಸೋದು ನನಗೆ ಬೇಡವಾಗಿತ್ತು, ಅದರಲ್ಲಿ ನೆಲದೊಳಗೆ ಏನಾಗತ್ತೆ ಅನ್ನೋದು ಕಾಣಲ್ಲ. ಶಿಲಾಪಾಕ, ಅಂದ್ರೆ ನೆಲದೊಳಗಿನ ಕರಗಿದ ಕಲ್ಲು, ಮೇಲೆ ಬರೋದು ಕೊಳವೆಯಲ್ಲಿ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಅದು ಬಹುಪಾಲು ಬರೋದು ಚಾಕುವಿನ ಅಲಗಿನಂಥ ಬಿರುಕಲ್ಲಿ. ಲ್ಯಾಬ್‌ಗಳಲ್ಲಿ ಜೆಲಟಿನ್ ಉಪಯೋಗಿಸ್ತಾರೆ, ಅದು ಪ್ರಾಣಿ ಮೂಳೆ ಚರ್ಮದಿಂದ ಮಾಡೋದು, ಅಮ್ಮ ಅಡುಗೆಮನೆಗೆ ತರೋಕೇ ಬಿಡಲಿಲ್ಲ, ಸರಿ ಅಂತ ಚೈನಾ ಗ್ರಾಸ್ ತಂದೆ. ಲೀಟರ್ ನೀರಿಗೆ 5 ಗ್ರಾಂ, ಚೆನ್ನಾಗಿ ಕುದಿಸಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು ಆರೋಕೆ ಬಿಟ್ಟೆ. ಡಬ್ಬದ ತಳದಲ್ಲಿ ಮೊದಲೇ ತೂತು ಮಾಡಿ ಸಲೈನ್ ಟ್ಯೂಬ್ ತೂರಿಸಿ ಎಂ-ಸೀಲ್ ಹಾಕಿದ್ದೆ, ಟ್ಯೂಬಿನ ಇನ್ನೊಂದು ತುದಿಗೆ 20 ಎಂಎಲ್ ಸಿರಿಂಜ್, ಒಳಗೆ ಕೆಂಪು ಬಣ್ಣ ಹಾಕಿದ ಅಡುಗೆ ಎಣ್ಣೆ. ಎಣ್ಣೆನೇ ಯಾಕಂದ್ರೆ ಅದು ಜೆಲ್‌ಗಿಂತ ಹಗುರ, ಶಿಲಾಪಾಕ ಸುತ್ತಲ ಬಂಡೆಗಿಂತ ಹಗುರ ಇರೋ ಹಾಗೆ. ಬಣ್ಣ ಎಣ್ಣೇಲಿ ಕರಗೋದೇ ಆಗಬೇಕು, ಕೇಸರಿಬಾತಿಗೆ ಹಾಕೋ ಬಣ್ಣ ಹಾಕಿ ಒಂದು ಸಿರಿಂಜ್ ವೇಸ್ಟ್ ಆಯ್ತು, ಕಾಳು ಕಾಳಾಗಿ ತಳದಲ್ಲಿ ಕೂತುಬಿಡ್ತು.

ನಿಧಾನಕ್ಕೆ ಸಿರಿಂಜ್ ಒತ್ತಿದ್ವಿ. ಟ್ಯೂಬಿನ ಬಾಯಲ್ಲಿ ಒಂದು ಕೆಂಪು ಚುಕ್ಕಿ, ಅದು ಅಗಲವಾಗಿ ಬೆಂಡೆಬೀಜದಷ್ಟು ಆಯ್ತು, ಆಮೇಲೆ ಎಲೆ ಥರ ಚಪ್ಪಟೆಯಾಗಿ ಮೇಲಕ್ಕೆ ಹೊರಟಿತು. ಎದುರಿಂದ ನೋಡಿದ್ರೆ ವೀಳ್ಯದೆಲೆಯಷ್ಟು ಅಗಲ, ಪಕ್ಕಕ್ಕೆ ಹೋಗಿ ನೋಡಿದ್ರೆ ಬರೀ ಒಂದು ಗೆರೆ. ಮೇಲೆ ಬರ್ತಾ ಬರ್ತಾ ಒಂದು ಕಡೆ ಸ್ವಲ್ಪ ತಿರುಚಿಕೊಳ್ತು. ಮೇಲ್ಮೈಗೆ ಎರಡು ಬೆರಳು ಇರುವಾಗ ಜೆಲ್‌ನ ಮುಖ ಉಬ್ಬಿತು, ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ಬಿದ್ದಿತ್ತಲ್ಲ, ಅದು ಡೊಂಕಾಯ್ತು, ಅದರಿಂದ ಗೊತ್ತಾಗಿದ್ದು. ಆಮೇಲೆ ಮೇಲ್ಮೈ ಒಡೆದು ಎಣ್ಣೆ ಒಂದು ಉದ್ದ ಸೀಳಿಂದ ಹೊರಗೆ ಬಂತು, ಗುಂಡು ಬಾಯಿಂದ ಅಲ್ಲ. ಐಸ್‌ಲ್ಯಾಂಡಿನ ಗ್ರಿಂಡವಿಕ್ ಊರನ್ನ 2023ರ ನವೆಂಬರ್ 10ರ ರಾತ್ರಿ ಖಾಲಿ ಮಾಡಿಸಿದ್ದು ಇಂಥದ್ದೇ ಒಂದು ಅಲಗು ನೆಲದಡಿ ಸುಮಾರು 15 ಕಿ.ಮೀ ಉದ್ದಕ್ಕೆ ಹರಿದುಬಂದಾಗ, ಊರಿನ ಒಂದು ಭಾಗ ಮೀಟರಿಗೂ ಹೆಚ್ಚು ಕುಸೀತು. ಇಥಿಯೋಪಿಯಾದ ಅಫಾರ್‌ನಲ್ಲಿ 2005ರ ಸೆಪ್ಟೆಂಬರ್‌ನಲ್ಲಿ 60 ಕಿ.ಮೀ ಉದ್ದದ ಬಿರುಕು ಕೆಲವೇ ವಾರಗಳಲ್ಲಿ 8 ಮೀಟರ್ ತನಕ ಬಾಯಿ ತೆರೆದು ಶಿಲಾಪಾಕ ತುಂಬಿಕೊಳ್ತು. ಅಲ್ಲಿ ಆಫ್ರಿಕಾ ಎರಡಾಗಿ ಸೀಳ್ತಿದೆ.

ಚೈನಾ ಗ್ರಾಸಿನಲ್ಲಿ ಒಂದು ಅನುಕೂಲ ಇದೆ. ಅದು ಗಟ್ಟಿಯಾಗೋದು 35-40 ಡಿಗ್ರಿಯಲ್ಲಿ, ಒಮ್ಮೆ ಗಟ್ಟಿಯಾದ್ರೆ ಮತ್ತೆ ಕರಗೋಕೆ 85ರ ಹತ್ತಿರ ಬೇಕು. ಹಾಗಾಗಿ ಕೆಳಗಿನ ಪದರ ಗಟ್ಟಿಯಾದ ಮೇಲೆ ಉಗುರು ಬೆಚ್ಚಗಿಂತ ಸ್ವಲ್ಪ ಬಿಸಿಯಾದ ಇನ್ನೊಂದು ಪದರ ಸುರಿದ್ರೂ ಕೆಳಗಿನದು ಕರಗಲ್ಲ. ಮೇಲೆ 10 ಗ್ರಾಂ ಹಾಕಿದ ಗಟ್ಟಿ ಪದರ ಮಾಡಿ ಎಣ್ಣೆ ಬಿಟ್ಟಾಗ ಅಲಗು ಗಡಿ ತನಕ ನೆಟ್ಟಗೆ ಬಂದು, ಮೇಲಿನ ಗಟ್ಟಿ ಪದರಕ್ಕೆ ತಲೆ ತಾಗಿಸಿ, ಪಕ್ಕಕ್ಕೆ ತಿರುಗಿ ಗಡಿಯಲ್ಲೇ ಚಪಾತಿ ಥರ ಹರಡಿಕೊಂಡ್ತು. ನೆಟ್ಟಗಿರೋದು ಡೈಕ್, ಮಲಗಿರೋದು ಸಿಲ್. ಮೇಲೆ ಒಂದು ತೊಟ್ಟು ಎಣ್ಣೆನೂ ಬರಲಿಲ್ಲ. ಜ್ವಾಲಾಮುಖಿಯ ಕೆಲಸದಲ್ಲಿ ದೊಡ್ಡ ಪಾಲು ಹೀಗೆ ಯಾರಿಗೂ ಕಾಣದೆ ಒಳಗೇ ನಡೆದು, ಹೊರಪದರವನ್ನ ಒಳಗಿಂದ ದಪ್ಪ ಮಾಡತ್ತೆ.

ಈ ಡೈಕ್ ನೋಡೋಕೆ ನಮ್ಮೂರಿಂದ ದೂರ ಹೋಗಬೇಕಿಲ್ಲ. ಚಾಮರಾಜನಗರದ ಕಡೆ ಕ್ವಾರಿಯಿಂದ ಬರೋ ಕಪ್ಪು ಗ್ರಾನೈಟ್ ಅಂತ ಮಾರ್ತಾರಲ್ಲ, ಅದು ಗ್ರಾನೈಟ್ ಅಲ್ಲ, ಡಾಲರೈಟ್, ನೈಸ್ (gneiss) ಅನ್ನೋ ಬಿಳಿ ಬೂದು ಬಂಡೆ ಸೀಳಿ ಮೇಲೆ ಬಂದ ಶಿಲಾಪಾಕ ಅಲ್ಲೇ ಆರಿ ಗಟ್ಟಿಯಾಗಿದ್ದು. ಬೆಂಗಳೂರು ಸುತ್ತಮುತ್ತ ಪೂರ್ವ ಪಶ್ಚಿಮವಾಗಿ ಹಬ್ಬಿರೋ ಇಂಥ ಡೈಕ್‌ಗಳ ಒಂದು ಗುಂಪಿಗೆ ಸುಮಾರು 236 ಕೋಟಿ ವರ್ಷ ವಯಸ್ಸು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬಿನ ಆಕಾರದಲ್ಲಿ ಗಟ್ಟಿಯಾಗಿ ನಿಂತಿದೆ, ಬೆಳಗಾವಿ ವಿಜಯಪುರದ ಎರೆಮಣ್ಣು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಕಲ್ಲು ಸವೆದು ಆದದ್ದು. ಅವಳನ್ನ ಅಡುಗೆಮನೆ ಕಟ್ಟೆಯ ಕಪ್ಪು ಚಪ್ಪಡಿ ಹತ್ರ ಕರ್ಕೊಂಡು ಹೋಗಿ ಇದೂ ಅದೇ ಡಬ್ಬದೊಳಗಿನ ಕೆಂಪು ಎಲೆ ಅಂದೆ. ಕೈ ಇಟ್ಟು ನೋಡಿದ್ಲು. "ಅಂದ್ರೆ ಇದು ಮೇಲೆ ಬರದೇ ಇದ್ದ ಲಾವಾನಾ?" ಅಂದ್ಲು. ಅಷ್ಟು ಸರಿಯಾಗಿ ನನಗೇ ಹೇಳೋಕೆ ಬಂದಿರ್ಲಿಲ್ಲ.

ಕೊನೇ ಮರಳಿನ ರನ್‌ನ ಹಾಗೇ ಉಳಿಸ್ಕೊಳ್ಳೋಣ ಅಂತ, ತಲೆಗೂದಲಿಗೆ ನೀರು ಹೊಡೆಯೋ ಸ್ಪ್ರೇ ಬಾಟಲಲ್ಲಿ ಒಂದು ಪಾಲು ಫೆವಿಕಾಲ್ ಐದು ಪಾಲು ನೀರು ಕಲಸಿ ಮೇಲಿಂದ ಮಂಜಿನ ಹಾಗೆ ಹೊಡೆದು, ಅರ್ಧ ದಿನ ಬಿಟ್ಟು ಮತ್ತೆ ಹೊಡೆದು, ಹೀಗೆ ಮೂರು ದಿನ. ಬಾಟಲಿನ ಮೂತಿ ಪ್ರತೀ ಸಲ ಬಿಸಿನೀರಲ್ಲಿ ತೊಳೀಬೇಕು, ಇಲ್ಲಾಂದ್ರೆ ಕಟ್ಕೊಳ್ಳತ್ತೆ. ಅಂಟು ಹೀರಿ ಗಟ್ಟಿಯಾದ ಮೇಲೆ ಹ್ಯಾಕ್ಸಾ ಬ್ಲೇಡಲ್ಲಿ ಅಗಲಕ್ಕೆ ನಾಲ್ಕು ಹೋಳು ಮಾಡಿದ್ವಿ. ಒಳಗಡೆ ಗೆರೆಗಳು ಗಾಜಿನ ಪಕ್ಕ ಕಂಡಿದ್ದಕ್ಕಿಂತ ಒಂದು ಬೆರಳು ಮುಂದೆ ಇದ್ವು, ಅಂದ್ರೆ ಗಾಜು ಇನ್ನೂ ಸ್ವಲ್ಪ ಹಿಡೀತಾನೇ ಇದೆ, ಮುಂದಿನ ಪೆಟ್ಟಿಗೆ 15 ಬದಲು 25 ಸೆಂ.ಮೀ ಅಗಲ ಮಾಡ್ತೀನಿ. ಒಂದು ಹೋಳು ಆಚಾರ್ರಿಗೆ ಕೊಟ್ಟಿದೀನಿ, ಅಂಗಡಿಯಲ್ಲಿ ಅಳತೆ ಪಟ್ಟಿ ನೇತಾಕೋ ಮೊಳೆ ಕೆಳಗೆ ಇಟ್ಕೊಂಡಿದಾರೆ. ಇನ್ನೊಂದು ಹುಡುಗಿಯ ಸ್ಕೂಲಿಗೆ ಹೋಯ್ತು, ಅದರ ಮೇಲೆ ಮೂರು ಗೆರೆಗಳ ಪಕ್ಕ ಮಾರ್ಕರಲ್ಲಿ ಅವಳೇ ಬರೆದಿದಾಳೆ: 7ನೇ ಸುತ್ತು, 61 ಸಾವಿರ ವರ್ಷ. 34ನೇ ಸುತ್ತು, 3 ಲಕ್ಷ ವರ್ಷ. 62ನೇ ಸುತ್ತು, 5 ಲಕ್ಷ 42 ಸಾವಿರ ವರ್ಷ.